ಹೊಸ ಸವಾರರೇ, ಲಗಾಮಿನ ಮೇಲೆ ಕೈ ಹಗುರವಿರಲಿ

‘ಬೆಲೆ ಏರಿಕೆಗೆ ಕಡಿವಾಣ’, ‘ನಾಲಗೆಗೆ ಲಗಾಮು ಇರಲಿ’ ಎಂಬಂಥ ಮಾತು ಕೇಳಿ ಬೆಳೆದ ನಮಗೆ ಲಗಾಮು ಅಂದರೆ ತಡೆಯುವ ವಸ್ತು. ಕುದುರೆ ಹತ್ತಿದ ಮೊದಲ ದಿನ ನಾನೂ ಹಾಗೇ ಎಳೆದೆ. ಕುಣಿಗಲ್ ಕಡೆಯ ಒಂದು ತೋಟ, ರೇಸ್ ಬಿಟ್ಟು ಬಂದಿದ್ದ ಹೆಣ್ಣು ಕುದುರೆ. ಎಳೆದಷ್ಟೂ ಅದರ ಹೆಜ್ಜೆ ಜೋರಾಯಿತು. ಪಕ್ಕದಲ್ಲಿ ನಡೆಯುತ್ತಿದ್ದ ವಯಸ್ಸಾದ ಸಯೀಸರು (ಕುದುರೆ ನೋಡಿಕೊಳ್ಳುವವರು), ‘ಸಾರ್, ಅದು ಬಸ್ಸಿನ ಕಂಬಿ ಅಲ್ಲ, ಬಾಯಿ’ ಅಂದರು.

ಎಳೆದರೆ ಯಾಕೆ ಓಡಿತು? ಟಿಪ್ಪು ಕಾಲದಲ್ಲಿ ಸೇನೆಗೆ ಕುದುರೆ ಒದಗಿಸಿದ ಕುಣಿಗಲ್ ಸ್ಟಡ್ ಫಾರ್ಮ್, ಆಮೇಲೆ ಹೆಸರು ಮಾಡಿದ್ದು ರೇಸ್ ಕುದುರೆಗಳಿಂದ. ರೇಸ್ ಮುಗಿಸಿದ ಇಂಥ ಥರೋಬ್ರೆಡ್ ತಳಿಯ ಕುದುರೆಗಳು ಎಷ್ಟೋ ಸವಾರಿ ಶಾಲೆಗಳನ್ನು ಸೇರುತ್ತವೆ. ಓಟದ ದಿನಗಳಲ್ಲಿ ಅವು ಬಿಗಿಯಾದ ಲಗಾಮಿಗೆ ಬಾಯಿ ಕೊಟ್ಟು, ಅದರ ಮೇಲೆ ಭಾರ ಹಾಕಿಯೇ ಓಡಿರುತ್ತವೆ. ನೀವು ಜಗ್ಗಿ ಹಿಡಿದುಕೊಂಡರೆ ಅವುಗಳಲ್ಲಿ ಕೆಲವಕ್ಕೆ ಅದು ‘ನಡಿ’ ಅಂದ ಹಾಗೆ. ಸುಮಾರು 450–500 ಕೆ.ಜಿ. ತೂಗುವ ಪ್ರಾಣಿಯ ಜೊತೆ ಹಗ್ಗಜಗ್ಗಾಟಕ್ಕೆ ಇಳಿದರೆ ಗೆಲ್ಲುವವರು ಯಾರೆಂದು ಬೇರೆ ಹೇಳಬೇಕಿಲ್ಲ.

ಹತ್ತುವ ಮೊದಲು ಬಾಯಿ ನೋಡಿ. ಒಳಗಿರುವ ಲೋಹದ ತುಂಡು ಕಡಿವಾಣ, ಸಯೀಸರ ಮಾತಿನಲ್ಲಿ ‘ಬಿಟ್’. ಅದರ ಎರಡು ಬಳೆಗಳಿಂದ ನಿಮ್ಮ ಕೈಗೆ ಬರುವ ಪಟ್ಟಿಯೇ ಲಗಾಮು. ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಒಂದು ಸಂದು ಇದೆ. ಕಡಿವಾಣ ನಾಲಗೆಯ ಮೇಲೆ ಅಡ್ಡವಾಗಿ ಹಾದು ಆ ಸಂದಿನಲ್ಲಿ ಕೂರುತ್ತದೆ. ಅಲ್ಲಿ ಎಲುಬಿನ ಮೇಲೆ ತೆಳ್ಳನೆ ವಸಡು ಬಿಟ್ಟರೆ ಇನ್ನೇನೂ ಇಲ್ಲ. ಮೈಮೇಲೆ ನೊಣ ಕೂತರೂ ಗೊತ್ತಾಗುವ ಪ್ರಾಣಿಗೆ ಅಲ್ಲಿ ಎಷ್ಟು ಗೊತ್ತಾಗಬಹುದು!

ಕಲಿಯುವವರಿಗೆ ನಯವಾದ, ನಡುವೆ ಕೀಲಿರುವ ‘ಸ್ನ್ಯಾಫಲ್’ ಎಂಬ ಸಾದಾ ಕಡಿವಾಣ ಸಾಕು. ಎರಡೂ ಬದಿಗೆ ಉದ್ದ ಕಡ್ಡಿ ಇಳಿಬಿಟ್ಟ ಕಡಿವಾಣ ಸನ್ನೆಗೋಲಿನ ಹಾಗೆ ನಿಮ್ಮ ಎಳೆತವನ್ನು ಹೆಚ್ಚಿಸುತ್ತದೆ. ಹೊಸ ಕೈಗೆ ಅದು ಬೇಡ. ಮುಳ್ಳಿನ ಕಡಿವಾಣ ಕಂಡರೆ ಅಲ್ಲಿಂದ ಎದ್ದು ಬನ್ನಿ. 1965ರ ಕೇಂದ್ರ ನಿಯಮಗಳಲ್ಲೇ ಸವಾರಿಗೆ, ಗಾಡಿಗೆ ಅದನ್ನು ನಿಷೇಧಿಸಲಾಗಿದೆ. ಮೂಗುಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರಬೇಕು.

ಇನ್ನು ಹಿಡಿತ. ಲಗಾಮು ಕಿರುಬೆರಳು ಮತ್ತು ಉಂಗುರ ಬೆರಳಿನ ನಡುವೆ ಒಳಗೆ ಬಂದು, ಅಂಗೈ ದಾಟಿ, ತೋರುಬೆರಳಿನ ಮೇಲಿಂದ ಹೊರಗೆ ಹೋಗಲಿ. ಮೇಲೆ ಹೆಬ್ಬೆರಳು ಒತ್ತಿರಲಿ. ಲಗಾಮು ಜಾರದಂತೆ ಹಿಡಿಯುವುದು ಹೆಬ್ಬೆರಳಿನ ಕೆಲಸ, ಮಾತಾಡುವುದು ಉಳಿದ ಬೆರಳುಗಳ ಕೆಲಸ. ಎರಡು ಕೈಯಲ್ಲೂ ತುಂಬಿದ ಕಾಫಿ ಲೋಟ ಹಿಡಿದಂತೆ ಮುಷ್ಟಿ ನೆಟ್ಟಗಿರಲಿ, ಅಂಗೈ ನೆಲ ನೋಡದಿರಲಿ. ಮುಷ್ಟಿಗಳು ಜೀನಿನ ಮುಂದೆ, ಕತ್ತು ಬೆನ್ನಿಗೆ ಸೇರುವ ಉಬ್ಬಿನ ಸ್ವಲ್ಪ ಮೇಲೆ ಇರಬೇಕು. ಪಕ್ಕದಿಂದ ನೋಡಿದವರಿಗೆ ಮೊಣಕೈ, ಮುಷ್ಟಿ, ಕಡಿವಾಣ ಒಂದೇ ಗೆರೆಯಲ್ಲಿ ಕಾಣಬೇಕು.

ಬಿಗಿ ಎಷ್ಟು? ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ. ದಾರ ಜೋತು ಬಿದ್ದರೆ ಪಟದ ಸುದ್ದಿ ಬೆರಳಿಗೆ ಬರುವುದಿಲ್ಲ, ಬಿಗಿದರೆ ಹರಿಯುತ್ತದೆ. ನಡುವೆ ಒಂದು ಜೀವಂತ ತೂಕ ಇರುತ್ತದಲ್ಲ, ಲಗಾಮಿನಲ್ಲೂ ಅಷ್ಟೇ ಬೇಕು.

ಮನೆಯಲ್ಲೇ ಅಭ್ಯಾಸ ಮಾಡಬಹುದು. ಎರಡು ಮಾರು ಹಗ್ಗ ತೆಗೆದುಕೊಳ್ಳಿ. ತುದಿಗಳನ್ನು ಹಿಡಿದು ನಿಮ್ಮ ತಮ್ಮನೋ ಮಗಳೋ ಕಣ್ಣು ಮುಚ್ಚಿ ‘ಕುದುರೆ’ಯಾಗಲಿ, ನೀವು ಹಗ್ಗದ ನಡುಭಾಗ ಹಿಡಿದು ಹಿಂದಿನಿಂದ ಬೆರಳಿನಲ್ಲೇ ನಿಲ್ಲಿಸಿ, ತಿರುಗಿಸಿ. ನಂತರ ಜಾಗ ಬದಲಿಸಿ. ನೀವು ಕುದುರೆಯಾದಾಗ ಕಲಿಯುವುದೇ ಹೆಚ್ಚು. ನನ್ನ ಮಗಳು ಎರಡೇ ನಿಮಿಷಕ್ಕೆ ‘ಅಪ್ಪಾ, ಯಾಕೆ ಹಾಗೆ ಕಿತ್ತುಹಾಕ್ತೀಯ’ ಎಂದು ಹಗ್ಗ ಬಿಸಾಕಿ ಹೋದಳು. ನಾನು ಮೆಲ್ಲಗೇ ಹಿಡಿದಿದ್ದೇನೆ ಅಂದುಕೊಂಡಿದ್ದೆ.

ಕುದುರೆ ನಡೆಯುವಾಗ ಪ್ರತಿ ಹೆಜ್ಜೆಗೂ ತಲೆ ಮುಂದೆ ಹಿಂದೆ ತೂಗುತ್ತದೆ. ಮೊಣಕೈ ಸಡಿಲಿಸಿ, ಕೈ ಅದರ ಜೊತೆಗೇ ಹೋಗಿಬರಲಿ. ಟ್ರಾಟ್‌ನಲ್ಲಿ, ಅಂದರೆ ಕುಲುಕು ಓಟದಲ್ಲಿ, ಹಾಗಲ್ಲ: ತಲೆ ಸ್ಥಿರ, ಕುಣಿಯುವುದು ನಿಮ್ಮ ಮೈ. ಮೈ ಮೇಲೆ ಕೆಳಗೆ ಆದರೂ ಮುಷ್ಟಿ ಅಲ್ಲಾಡಬಾರದು. ಹೊಸಬರು ಎಡವುವುದು ಇಲ್ಲೇ. ತೂಕ ತಪ್ಪಿದಾಗ ಆಸರೆಗೆ ಲಗಾಮು ಹಿಡಿಯುತ್ತಾರೆ, ಪೆಟ್ಟು ಬಾಯಿಗೆ. ಬೀಳುವ ಹಾಗೆ ಅನ್ನಿಸಿದರೆ ಜೀನಿನ ಮುಂಭಾಗವನ್ನೋ ಕತ್ತಿನ ಮೇಲಿನ ಕೂದಲನ್ನೋ ಹಿಡಿಯಿರಿ. ಅದರಲ್ಲಿ ನಾಚಿಕೆಯಿಲ್ಲ. ನಿಜವಾದ ಮದ್ದು ಮಾತ್ರ ಲಂಜಿಂಗ್: ಗುರುಗಳು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತು ಹಾಕಿಸುತ್ತಾರೆ, ನೀವು ಬರಿಗೈಯಲ್ಲಿ ಕೂತು ತೂಕ ಕಲಿಯುತ್ತೀರಿ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನಲ್ಲಿ ಹೊಸಬರು ಲಗಾಮೂ ರಿಕಾಪೂ (ಪಾದ ಇಡುವ ಬಳೆ) ಇಲ್ಲದೆ ತಿಂಗಳುಗಟ್ಟಲೆ ಹೀಗೇ ಸುತ್ತುತ್ತಾರೆ. ನಮ್ಮಲ್ಲಿ ಮೂರನೇ ತರಗತಿಗೇ ಓಡಿಸಿ ಫೋಟೊ ತೆಗೆಸಿಕೊಳ್ಳುವ ಆತುರ.

ನಿಲ್ಲಿಸುವಾಗ ಕೈಯ ಸರದಿ ಕೊನೆಗೆ. ಮೊದಲು ಉಸಿರು ಬಿಟ್ಟು ಜೀನಿನಲ್ಲಿ ಭಾರವಾಗಿ ಕೂರಿ. ಕುದುರೆಯ ಲಯಕ್ಕೆ ತೂಗುತ್ತಿದ್ದ ಸೊಂಟವನ್ನು ನಿಲ್ಲಿಸಿ. ಆಮೇಲೆ ಬಿಸಿ ಮುದ್ದೆಯನ್ನು ಒತ್ತಿ ನೋಡುವಷ್ಟು ಮೆತ್ತಗೆ ಬೆರಳು ಮುಚ್ಚಿ. ನಿಂತ ಕ್ಷಣವೇ, ನಿಧಾನಿಸಿದರೂ ಸರಿ, ಬೆರಳು ತೆರೆಯಿರಿ. ಕುದುರೆ ಕಲಿಯುವುದು ಒತ್ತಿದಾಗ ಅಲ್ಲ, ಬಿಟ್ಟಾಗ. ತಡವಾಗಿ ಬಿಟ್ಟರೆ ತಾನು ಮಾಡಿದ್ದು ಸರಿಯೆಂದು ಅದಕ್ಕೆ ತಿಳಿಯುವುದೇ ಇಲ್ಲ. ಕೇಳದಿದ್ದರೆ ಎಳೆತ ಮುಂದುವರಿಸಬೇಡಿ. ಬಿಟ್ಟು, ಮತ್ತೆ ಒತ್ತಿ, ಮತ್ತೆ ಬಿಡಿ. ಒರಗಲು ಗೋಡೆ ಸಿಗದಿದ್ದರೆ ಅದು ಎಲ್ಲಿ ಒರಗೀತು?

ತಿರುಗುವುದು ಸುಲಭ. ಹೋಗಬೇಕಾದ ಕಡೆ ಮೊದಲು ನೀವು ನೋಡಿ, ಆ ಬದಿಯ ಕೈಯನ್ನು ಬಾಗಿಲು ತೆರೆದಂತೆ ಸ್ವಲ್ಪ ಪಕ್ಕಕ್ಕೆ ಸರಿಸಿ, ಇನ್ನೊಂದು ಕೈ ಅಷ್ಟೇ ಸಡಿಲ ಕೊಡಲಿ. ಹಿಂದಕ್ಕೆ ಎಳೆಯಬೇಡಿ.

ಕುದುರೆ ಹೆದರಿ ಓಡತೊಡಗಿದರೂ ನಿಲ್ಲಿಸುವಾಗ ಹೇಳಿದ ಒತ್ತು-ಬಿಡು ಕ್ರಮವೇ, ಈ ಸಲ ತುಸು ಜೋರಾಗಿ. ಜಾಗವಿದ್ದರೆ ದೊಡ್ಡ ಸುತ್ತಿಗೆ ತಿರುಗಿಸಿ, ನಿಧಾನವಾಗಿ ಸುತ್ತು ಕಿರಿದಾಗಿಸಿ. ಓಟದಲ್ಲಿರುವಾಗ ತಟ್ಟನೆ ಒಂದೇ ಬದಿಗೆ ಎಳೆದರೆ ಕುದುರೆಯೇ ಉರುಳಬಹುದು.

ಕೈ ಹೇಗಿದೆ ಎಂಬುದನ್ನು ಕುದುರೆಯೇ ಹೇಳುತ್ತದೆ. ಬಾಯಿ ತೆರೆಯುವುದು, ತಲೆ ಒದರುವುದು, ಬಾಲ ಬೀಸುವುದು ದೂರು. ಕತ್ತು ಇಳಿಬಿಟ್ಟು ಕಡಿವಾಣವನ್ನು ಮೆಲ್ಲಗೆ ಜಗಿಯುತ್ತಿದ್ದರೆ ನೆಮ್ಮದಿಯಲ್ಲಿದೆ. ಆದರೂ ಎಲ್ಲ ಒದರಾಟಕ್ಕೂ ನಿಮ್ಮ ಕೈಯೇ ಕಾರಣವಲ್ಲ. ಹಲ್ಲು ಚೂಪಾಗಿ ಬೆಳೆದು ಕೆನ್ನೆಯ ಒಳಗೆ ಗಾಯ ಮಾಡುವುದುಂಟು, ಪಶುವೈದ್ಯರು ಅರ ಹಾಕಿ ಸರಿಪಡಿಸುತ್ತಾರೆ.

ಕೊನೆಯ ಹತ್ತು ನಿಮಿಷ ಲಗಾಮು ಉದ್ದ ಬಿಟ್ಟು ಸುಮ್ಮನೆ ನಡೆಸಿ. ಇಳಿದ ಮೇಲೆ ಬಾಯಿಯ ಮೂಲೆಗಳಲ್ಲಿ ತರಚಿದೆಯೇ ನೋಡಿ. ಕಡಿವಾಣ ಬಿಚ್ಚುವಾಗ ಅವಸರ ಬೇಡ: ತಲೆಪಟ್ಟಿಯನ್ನು ಕಿವಿ ದಾಟಿಸಿ, ಕುದುರೆ ತಾನಾಗಿ ಬಾಯಿ ತೆರೆದು ಉಗುಳುವವರೆಗೂ ಕೈಯಲ್ಲೇ ಹಿಡಿದಿರಿ. ಕಿತ್ತರೆ ಲೋಹ ಹಲ್ಲಿಗೆ ಬಡಿಯುತ್ತದೆ, ನಾಳೆ ಹಾಕಲು ಹೋದಾಗ ತಲೆ ಮೇಲೆತ್ತಿ ನಿಲ್ಲುತ್ತದೆ.