ಗಾಳ ಬೀಸುವ ಮೊದಲು ಹಿಂದೆ ತಿರುಗಿ ನೋಡಿ

ಕಾಳಿ ಹೊಳೆಯ ದಂಡೆಯಲ್ಲಿ, ಅಘನಾಶಿನಿ ಅಳಿವೆಯಲ್ಲಿ ಈಗೀಗ ಅಲ್ಲೊಬ್ಬರು ಇಲ್ಲೊಬ್ಬರು ಫ್ಲೈ ರಾಡ್ ಹಿಡಿದು ನಿಂತಿರುವುದು ಕಾಣುತ್ತದೆ. ಫ್ಲೈ ಅಂದರೆ ಕೂದಲು, ಗರಿ ಕಟ್ಟಿ ಹುಳ ಅಥವಾ ಮರಿಮೀನಿನ ಹಾಗೆ ಮಾಡಿದ ಗಾಳ. ಅದನ್ನು ಬೀಸುವ ಕೋಲೇ ಫ್ಲೈ ರಾಡ್. ವಿಡಿಯೊ ನೋಡಿ ಆಸೆಪಟ್ಟು, ಆನ್‌ಲೈನಲ್ಲಿ ಸಾಮಾನು ತರಿಸಿ, ರಜೆಯ ದಿನ ಹೊಳೆಗೆ ಬಂದವರು. ಹೆಚ್ಚಿನವರು ಎಡವುವುದು ಒಂದೇ ಕಡೆ. ಕಣ್ಣು ಮುಂದಿನ ನೀರಿನ ಮೇಲೇ ಇರುತ್ತದೆ. ಬೆನ್ನ ಹಿಂದೆ ಲೈನು ಏನು ಮಾಡುತ್ತಿದೆ ಅಂತ ನೋಡುವುದೇ ಇಲ್ಲ. ಗಾಳ ಕಾಂಡ್ಲಾ (ಮ್ಯಾಂಗ್ರೋವ್) ಗಿಡಕ್ಕೆ ಸಿಕ್ಕುತ್ತದೆ, ಇಲ್ಲವೇ ದಂಡೆಯಲ್ಲಿ ಹಾದುಹೋಗುವವರ ಅಂಗಿಗೆ. ಬೀಸು ದೂರ ಹೋಗದಿರುವುದಕ್ಕೂ ಅಕ್ಕಪಕ್ಕದವರ ಜೊತೆ ಜಗಳ ಆಗುವುದಕ್ಕೂ ಬೆನ್ನ ಹಿಂದಿನ ಆ ಜಾಗವೇ ಕಾರಣ. ಹಾಗಾಗಿ ಇಲ್ಲಿ ಅದಕ್ಕೇ ಜಾಸ್ತಿ ಸಾಲು. ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ.

1. ಜಾಗ ಮತ್ತು ಹೊತ್ತು

ಎಲ್ಲಿ ಬೇಡ ಅನ್ನುವುದು ಮೊದಲು. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಬೇಡವೇ ಬೇಡ. ದಾಂಡೇಲಿ ಸುತ್ತಿನ ಹೊಳೆಯಲ್ಲಿ ಮೊಸಳೆಗಳೂ ಇವೆ. ಶಿರಸಿಯ ಸಹಸ್ರಲಿಂಗದಂಥ ಪೂಜೆಯ ಜಾಗದಲ್ಲಿ ಬೇಡ. ಉಳಿದ ಕಡೆ ಹೊಳೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರಬಹುದು, ಪರವಾನಗಿ ಬೇಕಾಗಬಹುದು. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಕೇಳಿಕೊಂಡೇ ಹೊರಡಿ. ಕಾಳಿಯಲ್ಲಿ ಕದ್ರಾ ಅಣೆಕಟ್ಟಿನ ಕೆಳಗೆ, ಶರಾವತಿಯಲ್ಲಿ ಗೇರುಸೊಪ್ಪ ಅಣೆಕಟ್ಟಿನ ಕೆಳಗೆ ನೀರು ಬಿಟ್ಟರೆ ಹೊಳೆ ಇದ್ದಕ್ಕಿದ್ದಂತೆ ಏರುತ್ತದೆ. ಅಲ್ಲಿ ನೀರಿಗಿಳಿದು ನಿಲ್ಲಬೇಡಿ.

ಕಲಿಯುವವರಿಗೆ ನನ್ನ ಆಯ್ಕೆ ಅಘನಾಶಿನಿ. ಮಿರ್ಜಾನಿನಿಂದ ತದಡಿವರೆಗಿನ ಅಳಿವೆ ಅಗಲವಾಗಿದೆ, ಆಳ ಕಡಿಮೆ. ಹೊಳೆಗೆ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಇಲ್ಲಿ ನೀರು ಏರುವುದೂ ಇಳಿಯುವುದೂ ಸಮುದ್ರದ ಲೆಕ್ಕದಲ್ಲೇ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಓಡಾಟ ಜಾಸ್ತಿ.

ನಿಲ್ಲಬೇಕಾದದ್ದು ಇಳಿತ ಶುರುವಾದ ಮೊದಲ ಎರಡು ತಾಸು, ಸಣ್ಣ ಕಾಲುವೆಗಳು ಹೊಳೆಗೆ ಸೇರುವ ಬಾಯಲ್ಲಿ. ನೀರು ಹಿಂದೆ ಸರಿಯುವಾಗ ಕಾಂಡ್ಲಾ ಬೇರುಗಳ ಸಂದಿಯಿಂದ ಸಿಗಡಿ, ಮರಿಮೀನು ಹೊರಬರುತ್ತವೆ. ಚೊಣಕ್ (ಬಾರಮುಂಡಿ ಮೀನು) ಅವನ್ನೇ ಕಾಯುತ್ತಾ ಬಾಯಲ್ಲಿ ನಿಂತಿರುತ್ತದೆ. ಕೆಂಬೇರಿ (ಕೆಂಪು ಸ್ನ್ಯಾಪರ್ ಮೀನು) ಇನ್ನೂ ಒಳಗೆ, ಬೇರು ಕಲ್ಲುಗಳ ಹತ್ತಿರ. ಮಳೆಗಾಲದಲ್ಲಿ ಹೋಗಬೇಡಿ. ಕೆಂಪು ನೀರಿನಲ್ಲಿ ಮೀನಿಗೆ ಫ್ಲೈ ಕಾಣುವುದಿಲ್ಲ. ಅದು ಎಷ್ಟೋ ಮೀನು ಮೊಟ್ಟೆ ಇಡುವ ಕಾಲ ಕೂಡ. ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ಸಮುದ್ರದಲ್ಲಿ ನಿಷೇಧ ಇರುವಾಗ, ಶೋಕಿಗೆ ಗಾಳ ಹಾಕುವ ನಾವು ಮನೆಯಲ್ಲಿರುವುದು ನ್ಯಾಯ ಅಲ್ವಾ?

2. ಸಾಮಾನು

ಅಳಿವೆಗೆ 9 ಅಡಿಯ 8 ವೆಯ್ಟ್ ರಾಡ್. ವೆಯ್ಟ್ ಅಂದರೆ ರಾಡ್ ಎಷ್ಟು ಭಾರದ ಲೈನಿಗೆ ಆಗುತ್ತದೆ ಅನ್ನುವ ಸಂಖ್ಯೆ. ಘಟ್ಟದ ಮೇಲಿನ ಸಣ್ಣ ಹೊಳೆಗಳಿಗೆ 5 ವೆಯ್ಟ್ ಸಾಕು. ಎರಡಕ್ಕೂ ಆಗುತ್ತದೆ ಅಂತ ನಡುವಿನದನ್ನು ಕೊಳ್ಳಬೇಡಿ. ಗಾಳಿಯಲ್ಲಿ ಅದು ಸೋಲುತ್ತದೆ.

ದುಡ್ಡು ಹಾಕುವುದಿದ್ದರೆ ಲೈನಿಗೆ ಹಾಕಿ, ರೀಲಿಗಲ್ಲ. ಆನ್‌ಲೈನಲ್ಲಿ ರಾಡ್, ರೀಲು, ಲೈನು, ಡಬ್ಬಿ ತುಂಬ ಫ್ಲೈ ಎಲ್ಲ ಸೇರಿಸಿ ಅಗ್ಗಕ್ಕೆ ಮಾರುವ ಕಿಟ್ ಇದೆಯಲ್ಲ, ಅದರಲ್ಲಿ ಬರುವ ಲೈನು ಸುರುಳಿ ಬಿಡುವುದೇ ಇಲ್ಲ. ಅದರಲ್ಲಿ ಕಲಿತವರು ತಮ್ಮ ಕೈಯೇ ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ಮುಂಭಾಗ ಭಾರವಿದ್ದು ನೀರಿನ ಮೇಲೆ ತೇಲುವ ವೆಯ್ಟ್ ಫಾರ್ವರ್ಡ್ ಫ್ಲೋಟಿಂಗ್ ಲೈನು ಕೇಳಿ, ಉಷ್ಣವಲಯಕ್ಕೆ ಅಂತ ಮಾಡಿದ್ದನ್ನೇ ಕೇಳಿ. ತಣ್ಣೀರಿಗೆ ಮಾಡಿದ ಲೈನು ಕುಮಟೆಯ ಬಿಸಿಲಿಗೆ ಮೆತ್ತಗಾಗಿ ಉಂಗುರಗಳಿಗೆ ಅಂಟುತ್ತದೆ.

ಲೈನಿನ ತುದಿಗೆ 9 ಅಡಿಯ ಲೀಡರ್, ಅಂದರೆ ಲೈನಿಗೂ ಫ್ಲೈಗೂ ನಡುವಿನ ತಂಗೂಸಿ. ಅದರ ಕೊನೆಯ ಒಂದೂವರೆ ಅಡಿ 30 ಪೌಂಡ್ ಎಳೆತ ತಡೆಯುವ ದಪ್ಪ ತಂಗೂಸಿ. ಚೊಣಕ್‌ನ ಕಿವಿರಿನ ಮುಚ್ಚಳದ ಅಂಚು ತುಂಬ ಹರಿತ. ತೆಳು ದಾರವಾದರೆ ಒಂದು ತಲೆ ಕೊಡವಿಗೆ ಕತ್ತರಿಸಿ ಹೋಗುತ್ತದೆ.

ಫ್ಲೈ ಒಂದೇ ಸಾಕು: ಬಿಳಿ-ಹಸಿರು ಬಣ್ಣದ ಕ್ಲೌಸರ್ ಮಿನ್ನೋ. ಅಮೆರಿಕದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ರೂಪಿಸಿದ್ದು. ಗಾಳದ ಕಾಂಡಕ್ಕೆ ಲೋಹದ ಎರಡು ಕಣ್ಣು ಕಟ್ಟಿರುವುದರಿಂದ ನೀರಿನಲ್ಲಿ ಗಾಳದ ಮೊನೆ ಮೇಲ್ಮುಖವಾಗುತ್ತದೆ. ನಮ್ಮ ಅಳಿವೆಯ ತಳದಲ್ಲಿ ಚಿಪ್ಪು, ಬೇರು ತುಂಬಿರುವುದರಿಂದ ಇದು ದೊಡ್ಡ ಉಪಕಾರ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನು ಬಿಡುವುದಕ್ಕೂ ಸುಲಭ, ಯಾರಿಗಾದರೂ ಚುಚ್ಚಿದರೆ ತೆಗೆಯುವುದಕ್ಕೂ ಸುಲಭ. ಟೋಪಿ, ಕನ್ನಡಕ ಕಡ್ಡಾಯ. ಕಾಲಿಗೆ ಹಳೆಯ ಶೂ. ಚಪ್ಪಲಿ ಕೆಸರಲ್ಲೇ ಉಳಿಯುತ್ತದೆ, ಕಾಲು ಚಿಪ್ಪಿನ ಮೇಲೆ ಬೀಳುತ್ತದೆ.

3. ಬೀಸುವುದು

ಮಾಮೂಲು ಗಾಳದಲ್ಲಿ ತುದಿಯ ಸೀಸದ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಗೆ ಅಷ್ಟು ಭಾರವಿಲ್ಲ. ಇಲ್ಲಿ ಲೈನೇ ಭಾರ, ಅದೇ ಫ್ಲೈಯನ್ನು ಹೊತ್ತು ಹೋಗಬೇಕು. ಆ ಲೈನು ಮುಂದೆ ಹೋಗಬೇಕಾದರೆ ಮೊದಲು ಪೂರ್ತಿ ಹಿಂದೆ ಹೋಗಿ ನೆಟ್ಟಗಾಗಬೇಕು. ಆಗ ಮಾತ್ರ ಕೋಲು ಬಾಗುತ್ತದೆ. ಬಾಗಿದ ಕೋಲು ಬಿಚ್ಚಿಕೊಳ್ಳುವಾಗ ಲೈನನ್ನು ಮುಂದಕ್ಕೆ ಎಸೆಯುತ್ತದೆ. ತೋಳಿನ ಬಲಕ್ಕೆ ಇಲ್ಲಿ ಹೆಚ್ಚಿನ ಕೆಲಸವಿಲ್ಲ.

ಹೊಳೆಗೆ ಹೋಗುವ ಮುಂಚೆ ಬಯಲಲ್ಲಿ ಅಭ್ಯಾಸ ಮಾಡಿ. ಹುಲ್ಲಿರುವ ಬೇಣ ಒಳ್ಳೆಯದು. ಸಮುದ್ರದ ಮರಳು, ಸಿಮೆಂಟ್ ಅಂಗಳ ಎರಡೂ ಬೇಡ. ಲೈನಿನ ಮೇಲ್ಪದರ ಸವೆದು ಹೋಗುತ್ತದೆ. ಗಾಳದ ಬದಲು ಉಣ್ಣೆ ದಾರದ ಚೂರು ಕಟ್ಟಿ.

ಎಂಟೊಂಬತ್ತು ಮೀಟರ್ ಲೈನನ್ನು ಮುಂದೆ ನೇರ ಹಾಸಿ. ಕೋಲಿನ ತುದಿ ನೆಲದ ಹತ್ತಿರ. ಹೆಬ್ಬೆರಳು ಹಿಡಿಯ ಮೇಲೆ. ಈಗ ನಿಧಾನ ಎತ್ತಲು ಶುರು ಮಾಡಿ, ಬರಬರುತ್ತಾ ವೇಗ ಹೆಚ್ಚಿಸಿ, ಹೆಬ್ಬೆರಳು ಕಿವಿಯ ಹತ್ತಿರ ಬಂದಾಗ ತಟ್ಟನೆ ನಿಲ್ಲಿಸಿ. ಒದ್ದೆ ಕೈ ಝಾಡಿಸಿ ನೀರು ಸಿಡಿಸುವಾಗ ಕೈ ಹೇಗೆ ನಿಲ್ಲುತ್ತದೋ ಹಾಗೆ ನಿಲ್ಲಬೇಕು. ಕೋಲು ಆಗ ಹೆಚ್ಚುಕಡಿಮೆ ಆಕಾಶ ನೋಡುತ್ತಿರಬೇಕು. ಬಹಳ ಜನ ಮಣಿಕಟ್ಟು ಸಡಿಲ ಬಿಟ್ಟು ಕೋಲನ್ನು ಹಿಂದೆ ನೆಲದವರೆಗೂ ಬಗ್ಗಿಸುತ್ತಾರೆ. ಹಾಗಾದರೆ ಲೈನು ಹಿಂದಿನ ಹುಲ್ಲಿಗೆ ಬೀಳುತ್ತದೆ. ಮಣಿಕಟ್ಟು ಮಾತು ಕೇಳದಿದ್ದರೆ ಕೋಲಿನ ಬುಡವನ್ನು ತುಂಬುತೋಳಿನ ಅಂಗಿಯ ತೋಳಿನೊಳಗೆ ತೂರಿಸಿ. ಬಗ್ಗಿಸಲು ಆಗುವುದೇ ಇಲ್ಲ.

ನಿಲ್ಲಿಸಿದ ಮೇಲೆ ಕಾಯಬೇಕು. ಎಲ್ಲರೂ ಕೆಡಿಸುವುದು ಇಲ್ಲೇ. ಎಷ್ಟು ಕಾಯಬೇಕು ಅಂತ ಎಣಿಸಿ ಹೇಳಲಾಗದು. ಲೈನು ಜಾಸ್ತಿ ಬಿಟ್ಟಷ್ಟೂ ಹೊತ್ತು ಜಾಸ್ತಿ ಬೇಕು. ಎಣಿಸಬೇಡಿ, ತಿರುಗಿ ನೋಡಿ. ಎಡಗಾಲು ಮುಂದೆ, ಬಲಗಾಲು ಸ್ವಲ್ಪ ಹಿಂದೆ ಇಟ್ಟು ಓರೆಯಾಗಿ ನಿಂತರೆ ಕುತ್ತಿಗೆ ಸಲೀಸಾಗಿ ತಿರುಗುತ್ತದೆ. ಲೈನು ಹಿಂದೆ ಸುರುಳಿ ಬಿಚ್ಚುತ್ತಾ ಹೋಗುವುದು ಕಾಣುತ್ತದೆ. ಮೊದಲು ಮೇಲಿನ ಎಳೆ ಉದ್ದವಾಗುತ್ತದೆ, ಸುರುಳಿಯ ಮೂತಿ ಸಣ್ಣದಾಗುತ್ತದೆ, ಕೊನೆಗೆ ಒಂದು ಮೊಳದಷ್ಟು ಕೊಕ್ಕೆ ಮಾತ್ರ ಉಳಿಯುತ್ತದೆ. ಆಗ ಮುಂದಕ್ಕೆ ತನ್ನಿ. ಪೂರ್ತಿ ನೆಟ್ಟಗಾಗಿ ಬೀಳಲು ಶುರುವಾದರೆ ತಡವಾಯಿತು. ಬಿಚ್ಚುವ ಮೊದಲೇ ಎಳೆದರೆ ಪಟ್ ಅಂತ ಸದ್ದಾಗುತ್ತದೆ. ಆ ಸದ್ದು ಬಂದರೆ ಲೈನು ಎಳೆದು ತುದಿ ನೋಡಿ, ಫ್ಲೈ ಕಿತ್ತು ಹೋಗಿರಬಹುದು. ಸರಿಯಾದ ಹೊತ್ತಿಗೆ ಬಂದರೆ ಲೈನು ಕೋಲಿನ ತುದಿಯನ್ನು ಹಿಂದಕ್ಕೆ ಮೆಲ್ಲಗೆ ಎಳೆದದ್ದು ಅಂಗೈಗೆ ತಿಳಿಯುತ್ತದೆ. ಆ ಎಳೆತ ಕೈಗೆ ಸಿಗುವವರೆಗೆ ಹೊಳೆಗೆ ಹೋಗಲೇಬೇಡಿ.

ಮುಂದಕ್ಕೂ ಇದೇ ಕ್ರಮ: ನಿಧಾನ, ವೇಗ, ತಟ್ಟನೆ ನಿಲ್ಲಿಸು. ಕೋಲಿನ ತುದಿ ನೇರ ಗೆರೆಯಲ್ಲಿ ಹೋದರೆ ಸುರುಳಿ ಸಪೂರಾಗಿ ಗಾಳಿಯನ್ನು ಸೀಳುತ್ತದೆ. ಕಮಾನಾಗಿ ತಿರುಗಿದರೆ ಸುರುಳಿ ಅಗಲವಾಗಿ ಎದುರಿಗೇ ಬೀಳುತ್ತದೆ. ತಲೆಯ ಮೇಲೆ ಹತ್ತು ಸಲ ಹಿಂದೆ ಮುಂದೆ ಆಡಿಸುವ ಚಟ ಬೇಡ. ಎರಡು ಸಲ ಸಾಕು, ಮೂರನೆಯದು ನೀರಿಗೆ. ಗಾಳ ಗಾಳಿಯಲ್ಲಿದ್ದಷ್ಟು ಹೊತ್ತು ಮೀನೂ ಇಲ್ಲ, ಸುತ್ತಲಿನವರಿಗೆ ನೆಮ್ಮದಿಯೂ ಇಲ್ಲ.

ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಏಳುತ್ತದೆ. ಬಲಗೈಯವರಿಗೆ ಗಾಳಿ ಬಲಗಡೆಯಿಂದ ಬಂದರೆ ಗಾಳ ನೇರ ಕಿವಿಗೇ. ಎದುರು ದಂಡೆಗೆ ಹೋಗಿ, ಇಲ್ಲವಾದರೆ ನೀರಿಗೆ ಬೆನ್ನು ಹಾಕಿ ನಿಂತು ಹಿಂದಿನ ಬೀಸಿನಲ್ಲೇ ಲೈನು ಬಿಡಿ. ಬೆಳಿಗ್ಗೆ ಬೇಗ ಬಂದರೆ ಈ ತೊಂದರೆಯೇ ಇಲ್ಲ.

ಬೆನ್ನಿಗೆ ಕಾಂಡ್ಲಾ ಇದ್ದರೆ ರೋಲ್ ಕಾಸ್ಟ್. ಲೈನನ್ನು ನೀರಿನ ಮೇಲೇ ಮೆಲ್ಲಗೆ ಹತ್ತಿರ ಎಳೆದು, ಕೋಲನ್ನು ಕಿವಿಯ ಪಕ್ಕ ನಿಲ್ಲಿಸಿ. ಭುಜದ ಹಿಂದೆ ಲೈನು ಜೋಲು ಬೀಳುವವರೆಗೆ ಕಾದು, ಮುಂದೆ ಹೊಡೆಯಿರಿ. ಲೈನಿನ ತುದಿ ನೀರಿಗೆ ಕಚ್ಚಿಕೊಂಡಿರಬೇಕು. ಹುಲ್ಲಿನ ಮೇಲೆ ಇದನ್ನು ಕಲಿಯಲು ಹೋದರೆ ಬರುವುದಿಲ್ಲ. ದೂರ ಸಿಗುವುದಿಲ್ಲ, ಆದರೆ ಕೆಂಬೇರಿ ಹೇಗೂ ದೂರ ಇರುವುದಿಲ್ಲ.

4. ಎಳೆಯುವುದು

ಕೋಲಿನ ತುದಿ ನೀರಿನತ್ತ, ಲೈನು ಬೆರಳಿನ ಕೆಳಗೆ, ಇನ್ನೊಂದು ಕೈಯಿಂದ ಮೊಳ ಮೊಳ ಎಳೆದು ಬಿಡಿ. ಮೀನು ಕಚ್ಚಿದಾಗ ಕೋಲು ಮೇಲೆತ್ತಬೇಡಿ. ಲೈನನ್ನೇ ಬಿಗಿಯಾಗಿ ಎಳೆಯಿರಿ, ಗಾಳ ನಾಟುತ್ತದೆ. ಎಳೆದ ಲೈನು ಕಾಲಡಿಯ ಚಿಪ್ಪಿಗೆ ಸಿಕ್ಕದಂತೆ ಸೊಂಟಕ್ಕೆ ಪ್ಲಾಸ್ಟಿಕ್ ಬುಟ್ಟಿ ಕಟ್ಟಿಕೊಳ್ಳಿ. ಅಂಗಡಿಯ ದುಬಾರಿ ಬುಟ್ಟಿ ಬೇಕಿಲ್ಲ, ಪಾತ್ರೆ ತೊಳೆಯುವ ಬುಟ್ಟಿಗೆ ಹಗ್ಗ ಕಟ್ಟಿದರೆ ಆಯಿತು. ನೀರಿನಲ್ಲಿ ನಡೆಯುವಾಗ ಪಾದ ಎತ್ತಿ ಇಡದೆ ಜಾರಿಸಿ ನಡೆಯಿರಿ. ಮರಳಲ್ಲಿ ಹುದುಗಿರುವ ತೊರಕೆ ಮೀನು ಸಪ್ಪಳಕ್ಕೆ ಸರಿದು ಹೋಗುತ್ತದೆ. ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ.

5. ದಂಡೆಯಲ್ಲಿರುವ ಉಳಿದವರು

ಕೈಗಾಳ ಹಾಕುವವರಿಗೆ ಕೂರಲು ಒಂದು ಕಲ್ಲು ಸಾಕು. ಫ್ಲೈ ಬೀಸುವವರಿಗೆ ಮುಂದೆ 15 ಮೀಟರ್, ಹಿಂದೆ 15 ಮೀಟರ್ ಬೇಕು. ಜಾಗ ಜಾಸ್ತಿ ತಿನ್ನುವವರು ನಾವು. ಆದ್ದರಿಂದ ಸರಿದುಕೊಳ್ಳಬೇಕಾದವರೂ ನಾವೇ. ಯಾರಾದರೂ ಮೊದಲೇ ಕೂತಿದ್ದರೆ ಅವರಿಂದ 30 ಮೀಟರ್ ಆಚೆ ನಿಲ್ಲಿ. ಸೇತುವೆ ಮೇಲೆ, ಜೆಟ್ಟಿ ಮೇಲೆ, ಜನ ಓಡಾಡುವ ದಾರಿಗೆ ಬೆನ್ನು ಹಾಕಿ ಬೀಸಲೇಬೇಡಿ.

ಹೋದ ಕೂಡಲೇ ಮಾತಾಡಿಸಿ. "ಅಣ್ಣ, ನಾ ಇಲ್ಲಿ ನಿಂತ್ರೆ ಅಡ್ಡಿಲ್ವಾ?" ಅಂತ ಕೇಳಿದರೆ ಸಾಕು. "ಅಡ್ಡಿಲ್ಲ, ಆ ಗೂಟದ ಆಚೆ ಮಾತ್ರ ಬೇಡ, ಬಲೆ ಉಂಟು" ಅಂತ ಹೇಳುತ್ತಾರೆ. ಈ ಒಂದು ಮಾತು ಕೇಳದೆ ಬೀಸಿ ಬಲೆಗೆ ಗಾಳ ಸಿಕ್ಕಿಸಿದವರು ಎಳೆದಾಡಿ ಕಣ್ಣಿ ಹರಿಯುತ್ತಾರೆ. ಸಿಕ್ಕಿದರೆ ಎಳೆಯಬೇಡಿ. ಕೂಗಿ ಹೇಳಿ, ಅವರು ಬಿಡಿಸಿ ಕೊಡುವವರೆಗೆ ಕಾಯಿರಿ. ಹರಿದಿದ್ದರೆ ದುಡ್ಡು ಕೊಡಿ. ಅವರ ಆ ದಿನದ ಸಂಪಾದನೆ ಅದರಲ್ಲಿದೆ.

ನೀರು ಪೂರ್ತಿ ಇಳಿದಾಗ ಅಘನಾಶಿನಿಯಲ್ಲಿ ಹೆಂಗಸರು ಚಿಪ್ಪಿ ಹೆಕ್ಕಲು ಬರುತ್ತಾರೆ. ಬಗ್ಗಿ ಕೆಲಸ ಮಾಡುವವರಿಗೆ ನಿಮ್ಮ ಲೈನು ಕಾಣುವುದಿಲ್ಲ. ಅವರು ಬಂದರೆ ನಿಮ್ಮ ಹೊತ್ತು ಮುಗಿಯಿತು ಅಂತ ಲೈನು ಸುತ್ತಿಕೊಳ್ಳಿ. ಚಿಪ್ಪಿ ಇರುವ ಕೆಸರಿನ ಮೇಲೆ ಸುಮ್ನೆ ಅಡ್ಡಾದಿಡ್ಡಿ ತುಳಿದಾಡಬೇಡಿ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಅದಕ್ಕೂ ಎಷ್ಟೋ ಹಿಂದಿನಿಂದ ಈ ಕೆಸರಿನಿಂದಲೇ ಬದುಕಿದವರು ಇವರು.

ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಕಟ್ಟೆಯ ಬಾಗಿಲ ಬಳಿ ಇಳಿತದಲ್ಲಿ ಮೀನು ಮುತ್ತಿಕೊಂಡಿರುವುದು ಕಣ್ಣಿಗೇ ಕಾಣುತ್ತದೆ, ಆಸೆಯಾಗುತ್ತದೆ. ಗಜನಿಯ ಮೀನಿನ ಹಕ್ಕು ಹರಾಜಾಗಿರುತ್ತದೆ, ದುಡ್ಡು ಕೊಟ್ಟು ಹಿಡಿದವರಿರುತ್ತಾರೆ. ಅವರು ಕರೆಯದೆ ಅಲ್ಲಿ ಗಾಳ ಬಿಡುವುದು ಕಳ್ಳತನ.

ಹಿಡಿದ ಮೀನು ಬಿಡುವುದನ್ನು ನೋಡಿ ಕೆಲವರು ಬೈಯುತ್ತಾರೆ. ಅವರಿಗೆ ಅದು ರಾತ್ರಿಯ ಸಾರು. ಪಾಠ ಹೇಳಲು ಹೋಗಬೇಡಿ. ಕೇಳಿದರೆ ಇಷ್ಟು ಹೇಳಿ: ಚೊಣಕ್ ಮೊದಲು ಗಂಡಾಗಿರುತ್ತದೆ, ಬೆಳೆದ ಮೇಲೆ ಹೆಣ್ಣಾಗುತ್ತದೆ. ತುಂಬ ದೊಡ್ಡವು ಹೆಚ್ಚುಕಡಿಮೆ ಎಲ್ಲ ಹೆಣ್ಣೇ. ಅವನ್ನು ಬಿಟ್ಟರೆ ಮುಂದಿನ ವರ್ಷ ಎಲ್ಲರ ಗಾಳಕ್ಕೂ ಮೀನು. ನಡುವಿನ ಗಾತ್ರದ ಒಂದನ್ನು ಮನೆಗೆ ಒಯ್ಯುವುದರಲ್ಲಿ ತಪ್ಪೇನಿಲ್ಲ. ಮೀನಿನ ಫೋಟೊ ಹಾಕುವಾಗ ಜಾಗದ ಹೆಸರು ಹಾಕಬೇಡಿ. ಜಾಗ ತೋರಿಸಿ ಕೊಟ್ಟವರಿಗೆ ಮುಂದಿನ ವಾರ ಅಲ್ಲಿ ಕೂರಲು ಕಲ್ಲು ಸಿಗುವುದಿಲ್ಲ.

6. ಬಿಡುವುದು, ತೊಳೆಯುವುದು

ಮೀನು ನೀರಿನಲ್ಲೇ ಇರಲಿ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಇಕ್ಕಳದಿಂದ ಗಾಳ ತೆಗೆಯಿರಿ, ತಾನಾಗಿ ಬಾಲ ಬೀಸುವವರೆಗೆ ಹರಿವಿಗೆ ಮುಖಮಾಡಿ ಹಿಡಿದುಕೊಳ್ಳಿ. ಮನೆಗೆ ಬಂದ ದಿನವೇ ರೀಲು, ಲೈನು, ರಾಡಿನ ಉಂಗುರಗಳನ್ನು ಸಿಹಿನೀರಲ್ಲಿ ತೊಳೆಯಿರಿ. ಜೋರಾಗಿ ಪೈಪ್ ಹಿಡಿಯಬೇಡಿ, ಉಪ್ಪು ಒಳಗೆ ನುಗ್ಗುತ್ತದೆ. ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ. ಬಳಸಿದ ಫ್ಲೈಯನ್ನು ಒಣಗುವ ಮೊದಲು ಡಬ್ಬಿಗೆ ಹಾಕಿದರೆ ಪಕ್ಕದ ಹೊಸ ಗಾಳಗಳಿಗೂ ತುಕ್ಕು ಹಿಡಿಯುತ್ತದೆ. ಕತ್ತರಿಸಿದ ತಂಗೂಸಿ ಚೂರುಗಳನ್ನು ದಂಡೆಯಲ್ಲಿ ಬಿಡದೆ ಜೇಬಿಗೆ ಹಾಕಿಕೊಂಡು ಬನ್ನಿ. ಅದು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ, ದೋಣಿಯ ಎಂಜಿನ್ನಿಗೂ ಸಿಕ್ಕುತ್ತದೆ.