ಹುತ್ತರಿ ಮರುದಿನದ ಹಣ್ಣಿನ ಬಟ್ಟಲು

ಹಣ್ಣು ಹೆಚ್ಚಲು ನಮ್ಮ ಮನೆಯಲ್ಲಿ ನಾಲ್ಕು ಜನ ಮುಂದೆ ಬರುತ್ತಾರೆ. ತೊಳೆದ ಹಣ್ಣನ್ನು ಒರೆಸಲು ಒಬ್ಬರೂ ಬರುವುದಿಲ್ಲ. ಹಣ್ಣಿನ ಸಲಾಡ್ ಕೆಡುವುದು ಅಲ್ಲಿಂದಲೇ. ಸಿಪ್ಪೆಯ ಮೇಲೆ ಉಳಿದ ನೀರು ಚಾಕುವಿನ ಜೊತೆ ಹೋಳುಗಳಿಗೆ ಇಳಿಯುತ್ತದೆ, ಬಟ್ಟಲಿನ ತಳದಲ್ಲಿ ನಿಲ್ಲುತ್ತದೆ, ಅರ್ಧ ಗಂಟೆ ಕಳೆದರೆ ಎಲ್ಲವೂ ಸಪ್ಪೆ. ಸಪ್ಪೆಯಾಯಿತೆಂದು ಯಾರೋ ಒಬ್ಬರು ಸಕ್ಕರೆ ಸುರಿಯುತ್ತಾರೆ. ಸಕ್ಕರೆಯೋ, ಹಣ್ಣಿನೊಳಗೆ ಇದ್ದ ನೀರನ್ನೂ ಹೊರಗೆಳೆದು ಬಿಡುತ್ತದೆ. ಕೊನೆಗೆ ಬಡಿಸುವುದು ಸಲಾಡ್ ಅಲ್ಲ, ಹೋಳು ತೇಲುವ ಪಾನಕ.

ನಾನು ಇದನ್ನು ವರ್ಷಕ್ಕೊಮ್ಮೆ ಮನಸ್ಸಿಟ್ಟು ಮಾಡುವುದು ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಮರುದಿನ. ಹಿಂದಿನ ರಾತ್ರಿ ಗದ್ದೆಗೆ ಹೋಗಿ, ಗುಂಡು ಹಾರಿಸಿ, ಭತ್ತದ ಕದಿರು ತಂದು, ತಂಬುಟ್ಟು, ಪಾಯಸ ಎಂದೆಲ್ಲ ಮುಗಿಯುವಾಗ ನಡುರಾತ್ರಿ. ಮರುದಿನ ಮಧ್ಯಾಹ್ನ ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ. ಊಟವಾದ ಮೇಲೆ ದೊಡ್ಡವರು ಜಗಲಿಯಲ್ಲಿ ಕಾಲು ಚಾಚುತ್ತಾರೆ, ಮಕ್ಕಳು ಐಸ್‌ಕ್ರೀಮ್ ಕೇಳುತ್ತಾರೆ. ಆ ಹೊತ್ತಿಗೆ ನಾಲಿಗೆಗೆ ಬೇಕಾದದ್ದು ಹುಳಿ, ಸ್ವಲ್ಪ ಖಾರ, ತುಸು ಸಿಹಿ. ನವೆಂಬರ್ ಕೊನೆ, ಡಿಸೆಂಬರ್ ಎಂದರೆ ತೋಟದಲ್ಲಿ ಅರೇಬಿಕಾ ಕಾಫಿ ಕುಯ್ಲು ಶುರುವಾಗಿರುತ್ತದೆ, ಕಿತ್ತಳೆ ಹಣ್ಣಾಗುತ್ತಿರುತ್ತದೆ, ಹಿತ್ತಲಿನಲ್ಲಿ ಚಕೋತ, ಸೀಬೆ, ಪಪ್ಪಾಯಿ ಇರುತ್ತವೆ, ಶುಂಠಿಯೂ ಕೀಳುವ ಕಾಲ. ಅಂಗಡಿಯಿಂದ ತರಬೇಕಾದದ್ದು ಒಂದು ದಾಳಿಂಬೆ, ಬೇಕೆಂದರೆ ಎರಡು ಸೇಬು.

ಮೊದಲು ಕಿತ್ತಳೆ. ಕೊಡಗಿನ ಕಿತ್ತಳೆಯನ್ನು ಬಣ್ಣ ನೋಡಿ ಕೊಳ್ಳಬೇಡಿ. ನಾಗಪುರದ ಹಣ್ಣಿಗೆ ಸಡಿಲ ಸಿಪ್ಪೆ, ಬೆರಳು ಹಾಕಿದರೆ ಅಂಗಿ ಕಳಚಿದ ಹಾಗೆ ಬರುತ್ತದೆ. ನಮ್ಮದಕ್ಕೆ ತೆಳು ಸಿಪ್ಪೆ, ತೊಳೆಗೆ ಅಂಟಿಕೊಂಡಿರುತ್ತದೆ. ಹಣ್ಣಾದರೂ ಹಸಿರು ಬೆರೆತ ಹಳದಿ. ಸಿಪ್ಪೆ ಕೆಂಪಾಗಲು ರಾತ್ರಿಯ ಚಳಿ ಬೇಕು. ಒಳಗಿನ ರಸಕ್ಕೂ ಹೊರಗಿನ ಬಣ್ಣಕ್ಕೂ ಅಷ್ಟೇನೂ ನಂಟಿಲ್ಲ. ಅಂಗೈಯಲ್ಲಿಟ್ಟು ತೂಗಿ ನೋಡಿ. ಗಾತ್ರಕ್ಕಿಂತ ಭಾರ ಹೆಚ್ಚೆನಿಸಿದರೆ ರಸವಿದೆ. ಹೆದ್ದಾರಿ ಬದಿಯ ಒಂದು ಗೂಡಂಗಡಿಯಲ್ಲಿ ನನಗೇ ಒಮ್ಮೆ ದೊಗಳೆ ಅಂಗಿಯ ಹಣ್ಣನ್ನು ಕೊಡಗಿನದೆಂದು ಕೊಟ್ಟರು. ಈ ವಯಸ್ಸಿನಲ್ಲಿ ಜಗಳ ಬೇಡವೆಂದು ಸುಮ್ಮನಾದೆ, ಆದರೆ ಹಣ ಎಣಿಸಿ ಕೊಡುವಾಗ ಅವನ ಮುಖವನ್ನು ಚೆನ್ನಾಗಿಯೇ ನೋಡಿದೆ.

ನಮ್ಮ ಮಾವನ ಕಾಲದಲ್ಲಿ ಕಾಫಿ ಗಿಡಗಳ ನಡುವೆ ಕಿತ್ತಳೆ ಮರಗಳೇ ನೆರಳು, ಆದಾಯ ಎರಡೂ ಆಗಿದ್ದವು. ಆಮೇಲೆ ರೋಗ ಬಂತು. ಎಲೆ ಹಳದಿಯಾಗಿ, ಕೊಂಬೆ ತುದಿಯಿಂದ ಒಣಗುತ್ತಾ, ಕಾಯಿ ಸೊಟ್ಟಗಾಗಿ ಮರವೇ ಹೋಗುತ್ತಿತ್ತು. ಒಂದು ಸಣ್ಣ ಕೀಟ ಎಲೆಯಿಂದ ಎಲೆಗೆ ಅದನ್ನು ಹಬ್ಬಿಸುತ್ತದೆಂದು ತಿಳಿಯುವ ಹೊತ್ತಿಗೆ ಅರ್ಧ ತೋಟ ಬೋಳು. 2005-06ರ ಸುಮಾರಿಗೆ ಕೊಡಗಿನ ಕಿತ್ತಳೆಗೆ ಇದು ಈ ನೆಲದ್ದೇ ಬೆಳೆಯೆಂಬ ಭೌಗೋಳಿಕ ಸೂಚಕ ಮಾನ್ಯತೆ ಬಂದಾಗ ನಮ್ಮಲ್ಲಿ ಉಳಿದ ಮರ ಎಣಿಸಲು ಒಂದು ಕೈಯ ಬೆರಳು ಸಾಕಾಗಿತ್ತು. ಈಗಿರುವ ಮೂರು ಮರ ಕಸಿ ಗಿಡಗಳಿಂದ ಬಂದವು. ಅದಕ್ಕೇ ಮಕ್ಕಳು ಕಿತ್ತಳೆಯನ್ನು ಚೆಂಡು ಮಾಡಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಆರು ಜನರಿಗೆ ಆರು ಕಿತ್ತಳೆ ತೆಗೆದುಕೊಳ್ಳಿ, ನಾಲ್ಕು ತೊಳೆಗೆ, ಎರಡು ರಸಕ್ಕೆ. ಸುಲಿಯುವ ಕೆಲಸವನ್ನು ಬೆಳಗಿನ ಬಿಸಿಲಿನಲ್ಲಿ ಜಗಲಿಯಲ್ಲಿ ಕುಳಿತು ಮಾಡಿ, ಅಡುಗೆಮನೆಯಲ್ಲಿ ನಿಂತು ಅಲ್ಲ. ನಿಂತವರಿಗೆ ತಾಳ್ಮೆ ಇರುವುದಿಲ್ಲ. ಸಿಪ್ಪೆ ತೆಗೆದ ಮೇಲೆ ಬಿಳಿ ನಾರನ್ನೆಲ್ಲ ಎಳೆದು ಹಾಕಿ. ನಂತರ ತೊಳೆಯನ್ನು ಒಂದೊಂದಾಗಿ ಬಿಡಿಸಿ, ಬೀಜ ಇರುವ ಒಳಗಿನ ನೇರ ಅಂಚನ್ನು ಉಗುರಿನಿಂದ ಸೀಳಿ. ಅವರೆಕಾಯಿ ಸುಲಿಯುವಾಗ ಬೆನ್ನು ಸೀಳುತ್ತೇವಲ್ಲ, ಹಾಗೆ. ಪೊರೆಯನ್ನು ಎರಡೂ ಕಡೆಗೆ ಹಿಂದಕ್ಕೆ ಮಡಿಸಿದರೆ ರಸದ ಕಣಗಳು ಇಡೀ ತೊಳೆಯಾಗಿಯೇ ಕೈಗೆ ಬರುತ್ತವೆ, ಬೀಜ ಅಂಗೈಯಲ್ಲಿ ಉಳಿಯುತ್ತದೆ. ಮೊದಲ ಎರಡು ತೊಳೆ ಮುರಿಯುತ್ತವೆ, ಮುರಿದದ್ದು ಸುಲಿಯುವವರ ಬಾಯಿಗೆ. ಕೆಳಗೊಂದು ಬಟ್ಟಲು ಇಟ್ಟುಕೊಳ್ಳಿ, ಸೋರುವ ರಸ ಅದರಲ್ಲಿ ಬೀಳಲಿ. ಬೀಜ ಮಾತ್ರ ಒಂದೂ ಹಲ್ಲಿಗೆ ಸಿಗಬಾರದು, ಚಾಕುವಿಗೂ ಸಿಗಬಾರದು. ಒಂದು ಬೀಜ ಜಜ್ಜಿದರೆ ಆ ಕಹಿ ಸುತ್ತಲಿನ ನಾಲ್ಕು ಹೋಳುಗಳಿಗೆ ಹಿಡಿಯುತ್ತದೆ. ಇದೇ ಕಾರಣಕ್ಕೆ ರಸದ ಹಣ್ಣನ್ನು ನಾನು ಮಿಕ್ಸಿಗೆ ಹಾಕುವುದಿಲ್ಲ, ಕೈಯಲ್ಲೇ ಹಿಂಡಿ ಸೋಸುತ್ತೇನೆ.

ಚಕೋತವನ್ನು ಮರದಿಂದ ಇಳಿಸಿದ ದಿನವೇ ಒಡೆಯಬೇಡಿ. ಒಂದು ವಾರ, ಹತ್ತು ದಿನ ಅಟ್ಟದ ಮೇಲೆ ಇಟ್ಟರೆ ಸಿಪ್ಪೆ ತುಸು ಸುಕ್ಕಾಗಿ ಒಳಗಿನ ಹಣ್ಣಿಗೆ ರುಚಿ ಬರುತ್ತದೆ. ಇದರ ಪೊರೆ ಕಿತ್ತಳೆಯದಕ್ಕಿಂತ ಕಹಿ, ಒಂದು ಚೂರೂ ಉಳಿಸಬಾರದು. ಅರ್ಧ ಹಣ್ಣು ಆರು ಜನರಿಗೆ ಧಾರಾಳ. ಇನ್ನೊಂದು ಮಾತು, ಇದನ್ನು ತಮಾಷೆಯಾಗಿ ತೆಗೆದುಕೊಳ್ಳಬೇಡಿ. ಕೊಲೆಸ್ಟ್ರಾಲ್, ರಕ್ತದೊತ್ತಡದ ಕೆಲವು ಮಾತ್ರೆಗಳು ಚಕೋತದ ಜೊತೆ ಹೊಂದುವುದಿಲ್ಲ. ಈ ಹಣ್ಣು ತಿಂದರೆ ಆ ಔಷಧ ರಕ್ತದಲ್ಲಿ ಇರಬೇಕಾದದ್ದಕ್ಕಿಂತ ಹೆಚ್ಚು ಉಳಿಯುತ್ತದೆ. ನಮ್ಮ ಯಜಮಾನರ ಬಟ್ಟಲಿಗೆ ನಾನು ಚಕೋತ ಹಾಕುವುದೇ ಇಲ್ಲ, ಅವರು ಪ್ರತಿ ವರ್ಷ ಕೇಳುತ್ತಾರೆ, ನಾನು ಪ್ರತಿ ವರ್ಷ ಕಿವುಡಿಯಾಗುತ್ತೇನೆ. ನಿಮ್ಮ ಮನೆಯಲ್ಲಿ ದಿನವೂ ಮಾತ್ರೆ ನುಂಗುವವರಿದ್ದರೆ ವೈದ್ಯರನ್ನು ಒಂದು ಮಾತು ಕೇಳಿ. ಹಾಗೆಯೇ ಮೂತ್ರಪಿಂಡದ ತೊಂದರೆ ಇರುವವರಿಗೆ ಧಾರೆಹುಳಿ ಬೇಡವೇ ಬೇಡ. ನಕ್ಷತ್ರದ ಹಾಗೆ ಕಾಣುತ್ತದೆಂದು ಅಲಂಕಾರಕ್ಕೆ ಕತ್ತರಿಸಿ ಇಡುವವರಿದ್ದಾರೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ವಿಷವೇ ಆಗಬಹುದು.

ಉಳಿದ ಹಣ್ಣುಗಳದ್ದು ದೊಡ್ಡ ವಿಷಯವಲ್ಲ. ಸೀಬೆ ಎರಡು, ಗಟ್ಟಿಯಾಗಿರಲಿ. ಬೀಜದ ಭಾಗ ತೆಗೆದು ಹೊರಗಿನ ತಿರುಳನ್ನಷ್ಟೇ ಹೆಚ್ಚಿ. ನೆಗಡಿಗೆ ಕಿತ್ತಳೆ ಎನ್ನುವವರಿಗೆ ಹೇಳುತ್ತೇನೆ, 100 ಗ್ರಾಂ ಕಿತ್ತಳೆಯಲ್ಲಿ ಸಿ ಜೀವಸತ್ವ 50 ಮಿಲಿಗ್ರಾಂ ಆಸುಪಾಸು, ಸೀಬೆಯಲ್ಲಿ 200ಕ್ಕೂ ಹೆಚ್ಚು. ಪಪ್ಪಾಯಿ ಕಾಲು ಭಾಗ, ಹಣ್ಣಾಗಿದ್ದರೂ ಚಾಕು ಹಾಕಿದರೆ ನಿಲ್ಲುವಂತಿರಬೇಕು. ದಾಳಿಂಬೆ ಒಂದು ಹಿಡಿ. ಸೇಬು ಹಾಕುವುದಾದರೆ ಹೆಚ್ಚಿದ ಕೂಡಲೇ ನಿಂಬೆರಸ ಸವರಿ, ಇಲ್ಲದಿದ್ದರೆ ಕಂದಾಗುತ್ತದೆ. ಏಲಕ್ಕಿ ಬಾಳೆ ಎರಡು, ಆದರೆ ಅದನ್ನು ಈಗ ಮುಟ್ಟಬೇಡಿ.

ಇನ್ನು ರಸ. ಸೊಸೆ ಇದನ್ನು ಡ್ರೆಸ್ಸಿಂಗ್ ಎನ್ನುತ್ತಾಳೆ, ನನಗೆ ಅದು ರಸವೇ. ಎರಡು ಕಿತ್ತಳೆಯ ರಸ, ಸುಲಿಯುವಾಗ ಸೋರಿದ್ದೂ ಸೇರಿ ಅರ್ಧ ಲೋಟವಾಗುತ್ತದೆ. ಅದಕ್ಕೆ ಒಂದು ಚಮಚ ನಿಂಬೆರಸ, ಅರ್ಧ ಚಮಚ ಹಸಿ ಶುಂಠಿಯ ರಸ, ಎರಡು ಚಮಚ ಜೇನು, ಎರಡು ಚಿಟಿಕೆ ಉಪ್ಪು. ಶುಂಠಿಯನ್ನು ತುರಿದು ಹಿಂಡಬೇಕು, ತುರಿಯನ್ನೇ ಹಾಕಿದರೆ ನಾರು ಹಲ್ಲಿಗೆ ಸಿಗುತ್ತದೆ. ಎಂಟು ಹತ್ತು ಕರಿಮೆಣಸನ್ನು ಕುಟ್ಟಾಣಿಯಲ್ಲಿ ಒಂದೇ ಏಟು ಎನ್ನುವಷ್ಟು ಜಜ್ಜಿ. ಪುಡಿಯಾದರೆ ರಸ ಕಪ್ಪಾಗಿ ಗಂಟಲಿಗೆ ಹತ್ತುತ್ತದೆ. ಅರೆಬರೆ ಮುರಿದ ಕಾಳಾದರೆ ತಿನ್ನುತ್ತಿರುವಾಗ ಅಲ್ಲೊಂದು ಇಲ್ಲೊಂದು ಸಿಡಿಯುತ್ತದೆ. ಕಿತ್ತಳೆ ಸಿಪ್ಪೆಯನ್ನು ತುರಿಮಣೆಗೆ ಮೂರು ಸಲ ಮೆಲ್ಲಗೆ ಉಜ್ಜಿ, ಬಣ್ಣದ ಪದರ ಮಾತ್ರ ಬರಲಿ. ಪರಿಮಳವೆಲ್ಲ ಅಲ್ಲಿರುವ ಎಣ್ಣೆಯಲ್ಲಿದೆ, ಅದರ ಕೆಳಗಿನ ಬಿಳಿಯಲ್ಲಿ ಬರೀ ಕಹಿ.

ಜೇನಿನ ವಿಷಯದಲ್ಲಿ ಎಡವುವವರೇ ಹೆಚ್ಚು. ಚಳಿಗೆ ಜೇನು ಹರಳುಗಟ್ಟುತ್ತದೆ, ಕೆಟ್ಟಿದೆಯೆಂದು ಬಿಸಾಡಬೇಡಿ, ಒಲೆಯ ಮೇಲೂ ಇಡಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಬಾಟಲಿ ನಿಲ್ಲಿಸಿದರೆ ಕರಗುತ್ತದೆ. ಅದನ್ನು ಮೊದಲು ಒಂದು ಚಮಚ ಕಿತ್ತಳೆ ರಸದಲ್ಲಿ ಕದಡಿ, ಆಮೇಲೆ ಉಳಿದ ರಸಕ್ಕೆ ಸೇರಿಸಿ. ನೇರವಾಗಿ ಸುರಿದರೆ ತಳದಲ್ಲಿ ಕುಳಿತು, ಕೊನೆಗೆ ಬಡಿಸಿಕೊಂಡವರ ಬಟ್ಟಲಿಗೆ ಅಷ್ಟೂ ಬೀಳುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಬೆರೆಸಿದ್ದನ್ನು ನೆಕ್ಕಿಸಬೇಡಿ.

ಸೊಸೆ ಇದಕ್ಕೆ ಆಲಿವ್ ಎಣ್ಣೆ ಬೇಕೆಂದಳು. ಹಾಕಿ ನೋಡಿದೆವು. ಸೊಪ್ಪು, ಸೌತೆಕಾಯಿಗಾದರೆ ಸರಿ, ಕಿತ್ತಳೆ ತೊಳೆಯ ಮೇಲೆ ಎಣ್ಣೆ ಮಿನುಗುವುದು ನನಗೆ ಒಗ್ಗಲಿಲ್ಲ. ಮಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕಾಚಂಪುಳಿ ತಂದ, ಪಂದಿಕರಿಗೆ ಹಾಕುವ ನಮ್ಮ ಕಪ್ಪು ಹುಳಿರಸ. ಅಷ್ಟು ಗಾಢವಾದ ಹುಳಿ ಮಾಂಸಕ್ಕೆ ಸರಿ, ಹಣ್ಣಿಗೆ ಎರಡು ಹನಿ ಬಿದ್ದರೂ ದಾಳಿಂಬೆಯ ಬಣ್ಣವೇ ಕಾಣುವುದಿಲ್ಲ. ಖಾರ ಬೇಕೆನ್ನುವವರಿಗೆ ಒಂದು ಸೂಜಿಮೆಣಸನ್ನು ಸೀಳಿ ರಸದಲ್ಲಿ ಐದು ನಿಮಿಷ ಇಟ್ಟು ತೆಗೆಯಿರಿ, ತೆಗೆಯಲು ಮರೆತರೆ ನಾನು ಜವಾಬ್ದಾರಳಲ್ಲ.

ನಮ್ಮತ್ತೆಗೆ ಸಲಾಡ್ ಎಂಬ ಹೆಸರು ಗೊತ್ತಿರಲಿಲ್ಲ. ಅವರು ಮಾಡುತ್ತಿದ್ದದ್ದು ಕೈಪುಳಿ ಪಜ್ಜಿ. ಕಹಿ ಕಿತ್ತಳೆಯನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ತಿರುಳಿಗೆ ಬೆಲ್ಲ, ಹಸಿಮೆಣಸು, ಶುಂಠಿ, ಉಪ್ಪು, ಮೊಸರು ಕಲಸಿ ಸಾಸಿವೆ ಒಗ್ಗರಣೆ ಕೊಡುತ್ತಿದ್ದರು. ಹುಳಿ, ಸಿಹಿ, ಕಹಿ, ಖಾರ ನಾಲ್ಕೂ ಒಂದೇ ತುತ್ತಿನಲ್ಲಿ. ನನ್ನ ಈ ರಸ ಹುಟ್ಟಿದ್ದು ಅದರಿಂದಲೇ, ಮೊಸರು ಬಿಟ್ಟು, ಬೆಲ್ಲದ ಜಾಗಕ್ಕೆ ಜೇನು ಬಂತು ಅಷ್ಟೆ. ಮೊಸರು ಬಿಡಲು ಕಾರಣವೂ ಇದೆ. ಹಸಿ ಅನಾನಸ್, ಪಪ್ಪಾಯಿ ಸೇರಿದ ಬಟ್ಟಲಿಗೆ ಹಾಲು, ಮೊಸರು, ಕೆನೆ ಯಾವುದನ್ನು ಹಾಕಿದರೂ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ. ಆ ಹಣ್ಣುಗಳಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಮುರಿಯುತ್ತದೆ. ಕಸ್ಟರ್ಡ್ ಸುರಿದು ಹಣ್ಣು ಕೆಟ್ಟಿತ್ತೆಂದು ಅಂಗಡಿಯವನನ್ನು ಬೈಯುವವರು ಇದನ್ನು ಗಮನಿಸಲಿ.

ಬೆರೆಸುವ ಪಾತ್ರೆ ಗಾಜು, ಪಿಂಗಾಣಿ ಅಥವಾ ಸ್ಟೀಲ್. ಮದುವೆಯಾದ ಹೊಸತರಲ್ಲಿ ನಾನು ಚಂದ ಕಾಣಲೆಂದು ಹಿತ್ತಾಳೆಯ ಉರುಳಿಯಲ್ಲಿ ಬೆಳಿಗ್ಗೆಯೇ ಬೆರೆಸಿಟ್ಟೆ. ಕಲಾಯಿ ಸವೆದಿತ್ತು. ಮಧ್ಯಾಹ್ನ ಮೊದಲ ಚಮಚ ಬಾಯಿಗಿಟ್ಟ ಚಿಕ್ಕಮಾವ ಏನೂ ಮಾತನಾಡದೆ ಎದ್ದು ಅಂಗಳದಲ್ಲಿ ಉಗಿದು ಬಂದರು. ಬಟ್ಟಲಿನ ಅಂಚಿನಲ್ಲಿ ಹಸಿರು ಕಿಲುಬು. ಅಷ್ಟನ್ನೂ ಗೊಬ್ಬರದ ಗುಂಡಿಗೆ ಸುರಿದೆ. ಹುಳಿ ಹಣ್ಣು ಮತ್ತು ಕಲಾಯಿ ಇಲ್ಲದ ಹಿತ್ತಾಳೆ ಸೇರಿದರೆ ಹೀಗೇ.

ಊಟಕ್ಕೆ ಎಲೆ ಹಾಕುವಾಗ ಸೀಬೆ, ಸೇಬನ್ನು ರಸದಲ್ಲಿ ಹಾಕಿ, ಅವು ಗಟ್ಟಿ ಹಣ್ಣುಗಳು, ರಸ ಹಿಡಿಯಲು ಹೊತ್ತು ಬೇಕು. ಕೈ ತೊಳೆಯಲು ಜನ ಏಳುತ್ತಿದ್ದಂತೆ ಚಕೋತ, ಕಿತ್ತಳೆ, ಪಪ್ಪಾಯಿ ಸೇರಿಸಿ, ಚಮಚ ತಿರುಗಿಸದೆ ಬಟ್ಟಲನ್ನೇ ಎರಡು ಸಲ ಅಲುಗಿಸಿ. ಬಾಳೆ ಸುಲಿಯುವುದು ಈಗ. ದಾಳಿಂಬೆ ಎಲ್ಲಕ್ಕಿಂತ ಮೇಲೆ. ಫ್ರಿಜ್ ಬೇಡ. ಡಿಸೆಂಬರಿನ ಕೊಡಗಿನಲ್ಲಿ ನಡುಮನೆಯೇ ಸಾಕಷ್ಟು ತಣ್ಣಗಿರುತ್ತದೆ, ಅದಕ್ಕಿಂತ ತಣ್ಣಗಾದರೆ ನಾಲಿಗೆಗೆ ಸಿಹಿ ತಿಳಿಯುವುದಿಲ್ಲ, ಮತ್ತೆ ಸಕ್ಕರೆ ಡಬ್ಬಿ ಹುಡುಕುತ್ತಾರೆ.

ಸಿಪ್ಪೆಗಳನ್ನು ಬಿಸಾಡಬೇಡಿ. ಕಿತ್ತಳೆ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಹುಣಸೆ, ಬೆಲ್ಲ, ಸಾರಿನ ಪುಡಿ ಹಾಕಿ ಕುದಿಸಿದರೆ ಗೊಜ್ಜು, ಮರುದಿನದ ಅಕ್ಕಿರೊಟ್ಟಿಗೆ ಆಯಿತು. ಬಟ್ಟಲಿನಲ್ಲಿ ಹಣ್ಣು ಉಳಿದರೆ ರಾತ್ರಿಯಿಡೀ ಇಡಬೇಡಿ. ಬಾಳೆಯ ಚೂರುಗಳನ್ನು ಆರಿಸಿ ಕೋಳಿಗಳಿಗೆ ಹಾಕಿ, ಉಳಿದದ್ದಕ್ಕೆ ಒಂದು ಅಚ್ಚು ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಿಡಿ. ನಮ್ಮಲ್ಲಿ ಮೊಮ್ಮಕ್ಕಳು ಬಟ್ಟಲಿನ ತಳದ ರಸವನ್ನೂ ಎತ್ತಿ ಕುಡಿಯುವುದರಿಂದ ಕೋಳಿಗಳಿಗೆ ಹುತ್ತರಿ ಕಾಣುವುದು ಅಪರೂಪ.