ವೇಣುವಾದಕರಿಗೆ ಟಿನ್ ವಿಸಿಲ್ ಉಡುಗೊರೆ: ಶ್ರುತಿ ನೋಡಿ ಆರಿಸುವ ಬಗೆ

ಕೊಳಲು ನುಡಿಸುವವರಿಗೆ ಬಿದಿರಿನ ಕೊಳಲನ್ನೇ ಉಡುಗೊರೆ ಕೊಡಲು ಹೋಗಬಾರದು. ಬಿದಿರಿನ ದಪ್ಪ, ರಂಧ್ರಗಳ ಅಂತರ ಎಲ್ಲವನ್ನೂ ಅವರು ತಮ್ಮ ಬೆರಳಿಗೂ ಉಸಿರಿಗೂ ಹೊಂದಿಸಿ ತಾವೇ ಆರಿಸಿಕೊಳ್ಳುವವರಾದ್ದರಿಂದ, ನಾವು ಕೊಟ್ಟದ್ದು ಬಹುಮಟ್ಟಿಗೆ ಗೋಡೆಯ ಮೊಳೆಯಲ್ಲೇ ಉಳಿಯುತ್ತದೆ. ಐರ್ಲೆಂಡಿನ ಜನಪದ ಸಂಗೀತದಲ್ಲಿ ನೆಲೆಯೂರಿರುವ ಟಿನ್ ವಿಸಿಲ್‌ಗೆ ಈ ತೊಡಕಿಲ್ಲ. ಸುಮಾರು ಒಂದಡಿ ಉದ್ದದ ಲೋಹದ ಕೊಳವೆ, ಆರು ರಂಧ್ರ, ತುದಿಯಲ್ಲಿ ಪೀಪಿಯಂತೆ ನೇರವಾಗಿ ಊದುವ ಬಾಯಿ, ಇಷ್ಟೇ ಅದರ ರಚನೆ. ಕಾಸರಗೋಡಿನ ನಮ್ಮ ಹವೆಯಲ್ಲಿ ಆಟಿ ತಿಂಗಳ ಮಳೆಗೆ ಬಿದಿರು ಬೂಷ್ಟು ಹಿಡಿಯುವುದೂ ಮಳೆ ಕಳೆದ ಮೇಲಿನ ಒಣಹವೆಗೆ ಸೀಳು ಬಿಡುವುದೂ ಇದ್ದದ್ದೇ; ಲೋಹಕ್ಕೆ ಆ ಚಿಂತೆಯೂ ಇಲ್ಲ. ಆದರೆ ಅಗ್ಗದ ವಿಸಿಲ್‌ಗಳಲ್ಲಿ ಒಂದೇ ಕಂಪನಿಯ, ಒಂದೇ ಮಾದರಿಯ ಎರಡನ್ನು ಕೈಗೆತ್ತಿಕೊಂಡರೆ ಒಂದು ಶ್ರುತಿಬದ್ಧವಾಗಿದ್ದು ಇನ್ನೊಂದು ಅಪಸ್ವರ ನುಡಿಯುವುದುಂಟು.

ಮೊದಲು ತಿಳಿಯಬೇಕಾದದ್ದು ಪಡೆಯುವವರ ಶ್ರುತಿ. ವಿಸಿಲ್‌ಗಳ ಮೇಲೆ ಡಿ, ಸಿ, ಜಿ ಎಂದು ಮುದ್ರಿಸಿರುವುದು ಆರೂ ರಂಧ್ರ ಮುಚ್ಚಿದಾಗ ಬರುವ ಸ್ವರದ ಹೆಸರು. ನಾನು ಎಡವಿದ್ದು ಇಲ್ಲಿಯೇ. ಬದಿಯಡ್ಕದಲ್ಲಿರುವ ತಂಗಿಯ ಮಗ ಭಜನಾ ಮಂದಿರದಲ್ಲಿ ಬಿಳಿ ಐದರ ಕೊಳಲು, ಎಂದರೆ ಹಾರ್ಮೋನಿಯಂನ ಸಿ ಕೀಲಿಯಿಂದ ಎಣಿಸಿದ ಐದನೆಯ ಬಿಳಿ ಕೀಲಿಯೇ ಷಡ್ಜ (ಆಧಾರಸ್ವರ ‘ಸ’) ಆಗಿರುವ ಕೊಳಲು, ನುಡಿಸುತ್ತಾನೆ. ಮಲಯಾಳದವರು ಅದನ್ನೇ ಐದು ‘ಕಟ್ಟ’ ಎನ್ನುತ್ತಾರೆ. ಹಾರ್ಮೋನಿಯಂನ ಬಿಳಿ ಐದು ಎಂದರೆ ಜಿ ಎಂದು ಲೆಕ್ಕ ಹಾಕಿ ನಾನು ಜಿ ವಿಸಿಲ್ ತಂದೆ. ಅವನು ಎರಡು ಸಲ ಊದಿ, “ಮಾವ, ಇದರ ಷಡ್ಜ ನನಗೆ ಬಿಳಿ ಎರಡರಲ್ಲಿ ಸಿಗುತ್ತದಲ್ಲ” ಎಂದ.

ಅವನು ಹೇಳಿದ್ದು ಸರಿಯಾಗಿತ್ತು. ಕರ್ನಾಟಕ ಸಂಗೀತದ ಕೊಳಲಿನಲ್ಲಿ ಊದುವ ಕಡೆಯ ಎರಡು ರಂಧ್ರ ಮುಚ್ಚಿದರೆ ಷಡ್ಜ. ಅದೇ ಬೆರಳುಗಳನ್ನು ವಿಸಿಲ್ ಮೇಲೆ ಇಟ್ಟರೆ ಬರುವುದು ಮುದ್ರಿತ ಸ್ವರವಲ್ಲ, ಅದರ ಪಂಚಮ (ಅದನ್ನು ‘ಸ’ ಎಂದುಕೊಂಡರೆ ಬರುವ ‘ಪ’). ಡಿ ವಿಸಿಲ್‌ನಲ್ಲಿ ಅದು ಬಿಳಿ ಆರು, ಸಿ ವಿಸಿಲ್‌ನಲ್ಲಿ ಬಿಳಿ ಐದು, ಬಿ ಫ್ಲಾಟ್‌ನಲ್ಲಿ ಬಿಳಿ ನಾಲ್ಕು, ಜಿ ವಿಸಿಲ್‌ನಲ್ಲಿ ಬಿಳಿ ಎರಡು. ಹೀಗೆ ಷಡ್ಜ ಹಿಡಿದರೆ ಒಂದು ರಂಧ್ರ ಮುಚ್ಚಿದಾಗ ಚತುಃಶ್ರುತಿ ರಿಷಭ, ಎಲ್ಲ ತೆರೆದಾಗ ಅಂತರ ಗಾಂಧಾರ, ಆರೂ ಮುಚ್ಚಿದಾಗ ಶುದ್ಧ ಮಧ್ಯಮ ಬರುತ್ತವೆ. ನಮ್ಮ ಕೊಳಲಿನ ಸಹಜ ಮೇಳವಾದ (ಏಳು ಸ್ವರಗಳ ಜೋಡಣೆಯಾದ) ಹರಿಕಾಂಭೋಜಿಯೇ ಅಲ್ಲಿಯೂ ಸಿಗುವುದರಿಂದ ವೇಣುವಾದಕರು ಬೆರಳನ್ನು ಹೊಸದಾಗಿ ಪಳಗಿಸಬೇಕಿಲ್ಲ. ಹಿಂದೂಸ್ಥಾನಿ ಬಾನ್ಸುರಿ ನುಡಿಸುವವರಿಗೆ ಮೂರು ರಂಧ್ರ ಮುಚ್ಚಿದ್ದು ಷಡ್ಜವಾದ್ದರಿಂದ ಲೆಕ್ಕ ಬದಲಾಗುತ್ತದೆ. ಅವರಿಗೆ ಡಿ ವಿಸಿಲ್ ಬಿಳಿ ಐದಾಗುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಡಿ ಮಾತ್ರ ಎಂಬುದನ್ನೂ ಗಮನದಲ್ಲಿಡಬೇಕು. ಅದೊಂದೇ ಇದೆಯೆಂದು ಅದನ್ನೇ ಕೊಂಡುಬಿಟ್ಟರೆ ಉಡುಗೊರೆ ಭಜನೆಗೆ ಜೊತೆಯಾಗುವುದಿಲ್ಲ.

ಇನ್ನು ಪರೀಕ್ಷೆ. ಅಂಗಡಿಯ ಹವಾನಿಯಂತ್ರಿತ ಕೋಣೆಯಲ್ಲಿ ತಣ್ಣಗಿದ್ದ ವಿಸಿಲ್ ಎತ್ತಿಕೊಂಡ ಕೂಡಲೇ ನಿರ್ಣಯಿಸಬಾರದು. ಒಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ (ಹಾರ್ಮೋನಿಯಂನಲ್ಲಿ ಕಪ್ಪು, ಬಿಳಿ ಎರಡನ್ನೂ ಸೇರಿಸಿ ಎಣಿಸಿದರೆ ಪಕ್ಕಪಕ್ಕದ ಎರಡು ಕೀಲಿಗಳ ನಡುವಿನ ಅಂತರ 100 ಸೆಂಟ್). ಆದ್ದರಿಂದ ಒಂದೆರಡು ನಿಮಿಷ ಮೆಲ್ಲನೆ ಊದಿ ಬೆಚ್ಚಗಾಗಿಸಿದ ಬಳಿಕ ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಹಾಕಿ ಷಡ್ಜವನ್ನು ಕೂಡಿಸಿ ನೋಡಬೇಕು. ಷಡ್ಜ ಕೂಡಿತೆಂದು ತೃಪ್ತಿಪಟ್ಟರೆ ಮೋಸ ಹೋದಂತೆ. ವಿಸಿಲ್ ತನ್ನೊಳಗೇ ಹೊಂದಿಕೊಂಡಿದೆಯೇ ಎಂಬುದು ತಿಳಿಯುವುದು ಸ್ಥಾಯಿ ಬದಲಾದಾಗ. ಐದು ರಂಧ್ರ ಮುಚ್ಚಿ ಕೆಳಗಿನ ಪಂಚಮವನ್ನು ಹಗುರವಾಗಿ ಊದಿ, ಬೆರಳು ಅಲುಗಿಸದೆ ಉಸಿರಿನ ಒತ್ತಡ ಹೆಚ್ಚಿಸಿ ಮೇಲಿನ ಪಂಚಮಕ್ಕೆ ಹಾರಬೇಕು. ಒಳ್ಳೆಯ ವಿಸಿಲ್ ಕಿರಿಚದೆ ಹಾರುತ್ತದೆ, ಮೇಲಿನ ಸ್ವರವೂ ತಂಬೂರಿಯಲ್ಲಿ ಕರಗುತ್ತದೆ. ಮೇಲಿನದು ಕೆಳಗೇ ಉಳಿದು, ಅದನ್ನು ಶ್ರುತಿಗೆ ಏರಿಸಲು ಕೆನ್ನೆ ಉಬ್ಬಿಸಿ ಊದಬೇಕಾಗಿ ಬಂದರೆ ಅದನ್ನು ಪೆಟ್ಟಿಗೆಗೆ ಹಿಂತಿರುಗಿಸುವುದೇ ಲೇಸು. ಇದೇ ರೀತಿ ಧೈವತ, ನಿಷಾದಗಳನ್ನೂ ಎರಡು ಸ್ಥಾಯಿಯಲ್ಲಿ ನೋಡಬೇಕು.

ಗಾಂಧಾರದ ವಿಷಯದಲ್ಲಿ ಟ್ಯೂನರ್ ಆ್ಯಪನ್ನು ಪೂರ್ತಿ ನಂಬಬಾರದು. ಟ್ಯೂನರ್ ಹಾರ್ಮೋನಿಯಂನಂತೆ ಸಮಪಾಲಿನ ಸ್ವರಗಳನ್ನು ಅಳೆಯುತ್ತದೆ. ತಂಬೂರಿಯೊಡನೆ ಕೂಡುವ ಅಂತರ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಕೆಳಗಿರುತ್ತದೆ. ಹೀಗಾಗಿ ಮುಳ್ಳು ನಡುವಿನಿಂದ ತುಸು ಎಡಕ್ಕೆ ವಾಲಿದರೆ ಅದು ದೋಷವಲ್ಲ, ನಮ್ಮ ಕಿವಿಗೆ ಗುಣ. ಬಲಕ್ಕೆ ವಾಲಿದರೆ ಮಾತ್ರ ತೊಂದರೆ, ಏಕೆಂದರೆ ಅದನ್ನು ಇಳಿಸಲು ಉಸಿರು ಕಡಿಮೆ ಮಾಡಿದಷ್ಟೂ ಸ್ವರ ಬಡವಾಗುತ್ತದೆ. ಕೊನೆಗೆ ಊದುವ ಕಡೆಯ ಮೊದಲ ರಂಧ್ರ ತೆರೆದು ಎರಡನೆಯದನ್ನೂ ಮೂರನೆಯದನ್ನೂ ಮುಚ್ಚಿ ಊದಿ ನೋಡಬೇಕು. ಸಾಧಾರಣ ಗಾಂಧಾರ (ಅಂತರ ಗಾಂಧಾರಕ್ಕಿಂತ ಒಂದು ಕೀಲಿ ಕೆಳಗಿನದು) ನೇರವಾಗಿ ಬಂದರೆ ಆ ಗಾಂಧಾರವಿರುವ ಖರಹರಪ್ರಿಯ ಮೇಳವೂ ಕೈಗೆ ಬಂದಂತಾಯಿತು. ಬಾರದಿದ್ದರೆ ಅರ್ಧ ರಂಧ್ರ ಮುಚ್ಚಿಯೇ ಹಿಡಿಯಬೇಕು, ಕೊಳಲಿನವರಿಗೆ ಅದೇನೂ ಹೊಸತಲ್ಲ.

ಊದುಬಾಯಿ ಕಳಚುವಂತಿದೆಯೇ ಎಂದೂ ನೋಡಿ. ಅದನ್ನು ಹೊರಕ್ಕೆಳೆದರೆ ಶ್ರುತಿ ಇಳಿಯುತ್ತದೆ, ಆದ್ದರಿಂದ ಪೂರ್ತಿ ಒಳಗಿದ್ದಾಗ ಕೂದಲೆಳೆಯಷ್ಟು ಏರಿರುವ ವಿಸಿಲ್ ಒಳ್ಳೆಯದು. ಪೂರ್ತಿ ಒಳಗಿದ್ದೂ ಇಳಿದಿರುವುದಕ್ಕೆ ಮದ್ದಿಲ್ಲ. ಎಳೆಯುವುದೂ ಕೆಲವೇ ಮಿಲಿಮೀಟರ್ ಇರಲಿ, ಹೆಚ್ಚಾದರೆ ಮೇಲಿನ ರಂಧ್ರಗಳ ಸ್ವರ ಕೆಳಗಿನವುಗಳಿಗಿಂತ ಹೆಚ್ಚು ಕುಸಿದು ಮೇಳವೇ ಕೆಡುತ್ತದೆ. ಅಂಟು ಹಾಕಿ ಕೂರಿಸಿದ ಪ್ಲಾಸ್ಟಿಕ್ ಬಾಯಿಯನ್ನು ಬಿಸಿನೀರಿನಲ್ಲಿ ಅದ್ದಿ ತಿರುಗಿಸಿದರೆ ಸಾಮಾನ್ಯವಾಗಿ ಸಡಿಲಾಗುತ್ತದೆ. ರಾಬರ್ಟ್ ಕ್ಲಾರ್ಕ್ 1843ರಲ್ಲಿ ಇಂಗ್ಲೆಂಡಿನಲ್ಲಿ ತಯಾರಿಸತೊಡಗಿದ ಬಗೆಯದು, ಎಂದರೆ ತಗಡನ್ನು ಸುರುಳಿ ಸುತ್ತಿ ಮರದ ತುಂಡು ಕೂರಿಸಿದ ಶಂಕುವಿನಾಕಾರದ್ದು, ಇಂದಿಗೂ ಸಿಗುತ್ತದೆ. ಅದರ ಧ್ವನಿಯಲ್ಲಿ ಉಸಿರಿನ ಸದ್ದು ಬೆರೆತು ಬಿದಿರಿಗೆ ಹತ್ತಿರವೆನಿಸುವುದರಿಂದ ನನಗೆ ಅದೇ ಹೆಚ್ಚು ಇಷ್ಟ. ಆದರೆ ಅದರ ಬಾಯಿ ಸರಿಸಲು ಬರುವುದಿಲ್ಲ, ಶ್ರುತಿ ಇದ್ದ ಹಾಗೆಯೇ ಒಪ್ಪಬೇಕು.

ಮಂಗಳೂರಿನವರೆಗೆ ಹೋಗಲಾಗದೆ ಆನ್‌ಲೈನ್‌ನಲ್ಲಿ ತರಿಸುವುದಾದರೆ ಹಿಂತಿರುಗಿಸುವ ಅವಕಾಶವಿರುವಲ್ಲೇ ಕೊಂಡು, ಉಡುಗೊರೆಯ ದಿನಕ್ಕಿಂತ ಎರಡು ವಾರ ಮೊದಲೇ ತರಿಸಿ ಈ ಪರೀಕ್ಷೆಗಳನ್ನು ಮನೆಯಲ್ಲಿ ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಊದುಬಾಯಿಯ ಸೀಳಿನಲ್ಲಿ ತೇವ ಕಟ್ಟಿ ಸ್ವರ ಒಡೆಯುವುದುಂಟು. ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿಯನ್ನು ನೀರಿನಲ್ಲಿ ಕದಡಿ ಆ ಸೀಳಿನ ಮೂಲಕ ಹರಿಸಿ ಒಣಗಲು ಬಿಟ್ಟರೆ ತೇವ ಹನಿಗಟ್ಟುವುದು ಕಡಿಮೆಯಾಗುತ್ತದೆ. ಈ ಉಪಾಯವನ್ನೂ ಷಡ್ಜ ಯಾವ ಬಿಳಿಯಲ್ಲಿದೆ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ವಿಸಿಲ್ ಜೊತೆಗೇ ಇಟ್ಟು ಕೊಡಬಹುದು.